ಕಛೇರಿಯ ಕಿಟಕಿಯಿಂದ: ಅಳತೆಯ ಪೆಟ್ಟಿಗೆಗೂ ರೇಡಿಯೋ ಲೈಸೆನ್ಸು

ಮನೆಯ ರೇಡಿಯೋಗೆ ಲೈಸೆನ್ಸು ಬೇಕಾಗಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ವರ್ಷ ತುಂಬುತ್ತಲೇ ಪೋಸ್ಟಾಫೀಸಿಗೆ ಹೋಗಿ, ಸಾಲಿನಲ್ಲಿ ನಿಂತು, ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹೊಡೆಸಿಕೊಂಡು ಬರಬೇಕಾಗಿತ್ತು. ಆ ಪದ್ಧತಿ ೧೯೮೦ರ ದಶಕದಲ್ಲಿ ನಿಂತುಹೋಯಿತು. ನಾನು ಅದನ್ನು ಕಂಡವನಲ್ಲ, ಹಿರಿಯರಿಂದ ಕೇಳಿದವನು. ಆದರೆ ಅದು ನಿಂತಂದಿನಿಂದ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ರೇಡಿಯೋ ಎಂಬ ವಸ್ತುವಿಗೆ ಇನ್ನು ಸರಕಾರದ ಅಪ್ಪಣೆ ಬೇಡವೆಂದು. ರದ್ದಾದುದು ಕೇಳುವವನ ಲೈಸೆನ್ಸು. ಆಕಾಶಕ್ಕೆ ಮಾತು ಕಳಿಸುವವನ ಲೈಸೆನ್ಸು ರದ್ದಾಗಲಿಲ್ಲ.

ಈ ಸಲ ಇದನ್ನೇಕೆ ಎತ್ತಿಕೊಂಡೆನೆಂದರೆ, ನಮ್ಮ ಸಂಘದ ಕುಟುಂಬಗಳಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಸರ್ವೆ ಕೆಲಸಕ್ಕಿಳಿದ ತರುಣರು ಒಬ್ಬಿಬ್ಬರಲ್ಲ. ಅವರಲ್ಲೊಬ್ಬನು ಬ್ಯಾಂಕಿನ ಸಾಲ ಮಾಡಿ, ಕೆಲವು ಲಕ್ಷ ಕೊಟ್ಟು, ಒಂದು ಕೈ ಬಳಸಿದ ಉಪಗ್ರಹ-ಅಳತೆಯ ಯಂತ್ರವನ್ನು ಕೊಂಡ. ಮಾರಿದವನು ರಸೀತಿ ಕೊಟ್ಟ, ಪೆಟ್ಟಿಗೆ ಕೊಟ್ಟ, ತ್ರಿಪಾದಿ ಕೊಟ್ಟ. ಅದರೊಳಗಿನ ರೇಡಿಯೋದ ಕಾಗದ ಮಾತ್ರ ಕೊಡಲಿಲ್ಲ. ಕೆಲಸ ಒಪ್ಪಿಸಲಿದ್ದ ಕಂಟ್ರಾಕ್ಟುದಾರರು ಆ ಕಾಗದವನ್ನೇ ಮೊದಲು ಕೇಳಿದರು. ‘ನೆಲ ಅಳೆಯುವುದಕ್ಕೂ ರೇಡಿಯೋಗೂ ಏನು ಸಂಬಂಧ?’ ಎಂದು ಹುಡುಗನ ತಂದೆಯವರು ನನ್ನನ್ನು ವಿಚಾರಿಸಿದರು. ಪ್ರಶ್ನೆ ನ್ಯಾಯವಾದುದೇ.

ನಮ್ಮ ಅಜ್ಜಂದಿರ ಜಮೀನನ್ನು ಅಳೆದದ್ದು ೩೩ ಅಡಿಯ ಸರಪಳಿ. ಸರಪಳಿಗೆ ೧೬ ಆಣೆ, ಸರಪಳಿಯ ಚೌಕಕ್ಕೆ ಒಂದು ಗುಂಟೆ, ೪೦ ಗುಂಟೆಗೆ ಎಕರೆ. ಈಗ ಆ ಸರಪಳಿಯ ಜಾಗಕ್ಕೆ ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಬಂದಿವೆ. ಆದರೆ ಒಂದೇ ಯಂತ್ರ ಆಕಾಶ ನೋಡಿ ಹೇಳುವ ಸ್ಥಾನ ಕೆಲವು ಮೀಟರ್ ಆಚೀಚೆ ಇರುತ್ತದೆ. ಆದುದರಿಂದ ಎರಡು ಯಂತ್ರ ಬೇಕು. ಒಂದನ್ನು ಸ್ಥಾನ ಗೊತ್ತಿರುವ ಕಲ್ಲಿನ ಮೇಲೆ ಕದಲದಂತೆ ನಿಲ್ಲಿಸುತ್ತಾರೆ, ಇದು ‘ಬೇಸ್’. ಇನ್ನೊಂದನ್ನು ಕೋಲಿಗೆ ಸಿಕ್ಕಿಸಿ ಹೊಲದಲ್ಲಿ ತಿರುಗಿಸುತ್ತಾರೆ, ಇದು ‘ರೋವರ್’. ಬೇಸು ತನ್ನ ನಿಜವಾದ ಸ್ಥಾನವನ್ನು ಬಲ್ಲದು. ಆದ್ದರಿಂದ ಉಪಗ್ರಹದ ಲೆಕ್ಕದಲ್ಲಿ ಈ ಕ್ಷಣದ ತಪ್ಪು ಎಷ್ಟೆಂಬುದೂ ಅದಕ್ಕೆ ತಿಳಿಯುತ್ತದೆ. ಆ ತಿದ್ದುಪಡಿಯನ್ನು ಸೆಕೆಂಡಿಗೊಮ್ಮೆಯಂತೆ ರೋವರಿಗೆ ಕೂಗಿ ಹೇಳುತ್ತದೆ. ಆಗ ಅಳತೆ ಒಂದೆರಡು ಸೆಂಟಿಮೀಟರಿನೊಳಗೆ ಬರುತ್ತದೆ. ಕೂಗುವುದು ರೇಡಿಯೋದಲ್ಲಿ. ಉಪಗ್ರಹವನ್ನು ಕೇಳುವುದಕ್ಕೆ ಲೈಸೆನ್ಸಿಲ್ಲ, ಕೂಗುವುದಕ್ಕೆ ಉಂಟು.

ಕೂಗಿದರೆ ಯಾರಿಗೇನು ನಷ್ಟವೆನ್ನಬೇಡಿ. ಈ ಯಂತ್ರಗಳ ರೇಡಿಯೋ ಬಹುಮಟ್ಟಿಗೆ ೪೧೦ರಿಂದ ೪೭೦ ಮೆಗಾಹರ್ಟ್ಸಿನ ನಡುವೆ ಎಲ್ಲಿ ಬೇಕಾದರೂ ತಿರುಗುತ್ತದೆ. ಕಾರ್ಖಾನೆಗಳ ಮತ್ತು ಪೊಲೀಸರ ವಾಕಿಟಾಕಿಗಳೂ ಇರುವುದು ಅದೇ ಬೀದಿಯಲ್ಲಿ. ಅದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಅಂಗಡಿಯಿಂದ ಬಂದಾಗ ಇದ್ದ ಚಾನೆಲನ್ನೇ ಎಲ್ಲರೂ ಹಾಗೆಯೇ ಬಿಟ್ಟರೆ, ಪಕ್ಕದ ಬಡಾವಣೆಯಲ್ಲಿ ಅಳೆಯುತ್ತಿರುವವನ ಬೇಸೂ ನಿಮ್ಮದೂ ಒಂದೇ ಸ್ವರದಲ್ಲಿ ಕೂಗತೊಡಗುತ್ತವೆ. ಎರಡೂ ಕೂಡಿ ಗದ್ದಲವಾದರೆ ಅಳತೆ ಸೆಂಟಿಮೀಟರನ್ನು ಬಿಟ್ಟು ಹತ್ತಾರು ಸೆಂಟಿಮೀಟರಿಗೆ ಜಾರುತ್ತದೆ. ನಿಮ್ಮ ರೋವರು ಅವನ ಬೇಸಿನ ಮಾತನ್ನೇ ನಂಬಿಬಿಟ್ಟರೆ ಇನ್ನೂ ಕಷ್ಟ. ಅವನು ತನ್ನ ಬೇಸಿಗೆ ಯಾವ ಸ್ಥಾನ ಬರೆದುಕೊಂಡಿದ್ದನೋ ಅದರ ತಪ್ಪೆಲ್ಲ ನಿಮ್ಮ ಗಡಿಕಲ್ಲಿಗೆ ಬರುತ್ತದೆ. ಬೇಸಿನ ಗುರುತುಸಂಖ್ಯೆಯನ್ನು ನೋಡಿಕೊಳ್ಳುವ ಸರ್ವೆಯರನಾದರೆ ಇದನ್ನು ಹಿಡಿಯುತ್ತಾನೆ, ಅವಸರದವನು ಹಿಡಿಯುವುದಿಲ್ಲ. ೩೩೦ ಅಡಿ ಉದ್ದದ ಬದು ಒಂದೇ ಅಡಿ ಸರಿದರೂ ಸುಮಾರು ೫ ಆಣೆ ಜಮೀನು ಆಚೆಯವನದಾಗುತ್ತದೆ. ಅಣ್ಣ ಊರಿನಲ್ಲಿ, ತಮ್ಮ ಮುಂಬಯಿಯಲ್ಲಿ ಇರುವ ಮನೆಗಳಲ್ಲಿ ಐದು ಆಣೆ ಜಮೀನು ಎಷ್ಟು ವರ್ಷದ ಮಾತು ನಿಲ್ಲಿಸಬಲ್ಲದೆಂಬುದನ್ನು ನಾನು ಬರೆಯಬೇಕಾದುದಿಲ್ಲ.

ಕಾನೂನಿನ ಕಡೆ ಬರೋಣ. ೧೯೩೩ರ ವೈರ್‌ಲೆಸ್ ಕಾಯಿದೆ ಬಹಳ ಗಡುಸಾದುದು. ಅಪ್ಪಣೆಯಿಲ್ಲದ ಟ್ರಾನ್ಸ್‌ಮಿಟರನ್ನು ಬಳಸುವುದಿರಲಿ, ಇಟ್ಟುಕೊಂಡರೇ ೩ ವರ್ಷದವರೆಗೆ ಸೆರೆ, ಇಲ್ಲವೇ ೧,೦೦೦ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಎಂದು ಅದರಲ್ಲಿ ಬರೆದಿತ್ತು. ಅದರ ಜಾಗಕ್ಕೆ ೨೦೨೩ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂತು. ೨೦೨೪ರ ಜೂನಿನಿಂದ ಕಂತುಕಂತಾಗಿ ಜಾರಿಗೆ ಬರತೊಡಗಿತು. ಹೀಗಾಗಿ ನಮೂನೆಗಳ ಹೆಸರೂ ಶುಲ್ಕವೂ ಬದಲಾಗಬಹುದು; ಅರ್ಜಿಯ ದಿನವೇ ‘ಸರಳ್ ಸಂಚಾರ್’ ಎಂಬ ಸರಕಾರಿ ಜಾಲತಾಣದಲ್ಲಿ ನೋಡಿಕೊಳ್ಳುವುದು ಕ್ಷೇಮ. ಫ್ರೀಕ್ವೆನ್ಸಿ ಹಂಚುವ ಕೆಲಸ ದೆಹಲಿಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಂಗಿನದು. ೧೯೫೨ರಲ್ಲಿ ಹುಟ್ಟಿದ ಕಛೇರಿ. ನಾನು ಆ ಇಲಾಖೆಯವನಲ್ಲ. ಆದರೆ ಫೈಲು ಎಂಬ ಪ್ರಾಣಿ ಎಲ್ಲ ಇಲಾಖೆಗಳಲ್ಲೂ ಒಂದೇ ಜಾತಿಯದು. ಅದಕ್ಕೆ ಬೇಕಾದ ಮೇವನ್ನು ಒಂದೇ ಸಲ ಹಾಕಿದರೆ ಬೇಗ ನಡೆಯುತ್ತದೆ.

ಎಲ್ಲ ಪೆಟ್ಟಿಗೆಗೂ ಪೂರ್ತಿ ಲೈಸೆನ್ಸು ಬೇಕೆಂದಲ್ಲ. ೨೦೦೫ರಲ್ಲಿ ೮೬೫ರಿಂದ ೮೬೭ ಮೆಗಾಹರ್ಟ್ಸಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಯಂತ್ರಗಳಿಗೆ ಬಿಟ್ಟುಕೊಟ್ಟರು. ೨೦೨೧ರಲ್ಲಿ ಅದನ್ನು ೮೬೮ರವರೆಗೆ ಹಿಗ್ಗಿಸಿದರು. ನಿಮ್ಮ ಯಂತ್ರ ಅಲ್ಲಿ, ನಿಯಮದ ಮಿತಿಯೊಳಗೆ ಕೂಗುವುದಾದರೆ ಫ್ರೀಕ್ವೆನ್ಸಿಯ ಲೈಸೆನ್ಸು ಬೇಕಿಲ್ಲ. ಆ ಮಾದರಿಗೆ ಸರಕಾರದ ಒಪ್ಪಿಗೆಪತ್ರ ಇದ್ದರೆ ಸಾಕು, ಅದನ್ನು ಈ.ಟಿ.ಎ. ಎನ್ನುತ್ತಾರೆ. ಇದನ್ನು ಮಾರುವವನಿಂದಲೇ ಕೇಳಿ ಪಡೆಯಿರಿ. ಹಾಗಲ್ಲದೆ ೨೫–೩೫ ವಾಟಿನ ಬೇರೆ ಪೆಟ್ಟಿಗೆ, ಕಾರಿನ ಬ್ಯಾಟರಿ, ಉದ್ದನೆಯ ಏರಿಯಲ್ ಇಟ್ಟು ಹತ್ತಾರು ಕಿಲೋಮೀಟರ್ ಕೇಳಿಸುವ ಹಾಗೆ ಕೂಗುವವರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮೊಬೈಲ್ ಸಿಗ್ನಲ್ ಇರುವ ಊರಿನಲ್ಲಾದರೆ ಮೂರನೆಯ ದಾರಿಯುಂಟು. ಸರ್ವೆ ಆಫ್ ಇಂಡಿಯಾದವರು ನಿಲ್ಲಿಸಿರುವ ಕಾಯಂ ಬೇಸುಗಳಿಂದ ತಿದ್ದುಪಡಿಯನ್ನು ಇಂಟರ್ನೆಟ್ಟಿನ ಮೂಲಕ ಪಡೆಯಬಹುದು. ಆಗ ನಿಮ್ಮ ಬೇಸೂ ಬೇಡ, ಅದರ ರೇಡಿಯೋವೂ ಬೇಡ. ಪುಣೆಯ ಹೊರವಲಯದಲ್ಲಿ ಇದು ಸುಖವಾಗಿ ನಡೆಯುತ್ತದೆ. ಮಲೆನಾಡಿನ ಕಣಿವೆಯೊಳಗಿನ ಅಡಿಕೆ ತೋಟದಲ್ಲಿ ಫೋನು ಮೂಕವಾಗುತ್ತದೆ. ಅಲ್ಲಿ ಮತ್ತೆ ರೇಡಿಯೋವೇ ಗತಿ.

ಲೈಸೆನ್ಸು ಕೈಗೆ ಬಂದ ದಿನ ಜನ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಓದುವುದಿಲ್ಲ. ಅದರಲ್ಲಿ ನಿಮ್ಮ ಹೆಸರು, ಫ್ರೀಕ್ವೆನ್ಸಿ, ಶಕ್ತಿ, ಸೆಟ್ಟುಗಳ ಸಂಖ್ಯೆ, ಬಳಸಬಹುದಾದ ಪ್ರದೇಶ, ಅವಧಿ ಇವೆಲ್ಲ ಇರುತ್ತವೆ. ಮಹಾರಾಷ್ಟ್ರದ ಪ್ರದೇಶಕ್ಕೆ ಪಡೆದ ಕಾಗದ ಹಿಡಿದು ರಜೆಯಲ್ಲಿ ಊರಿಗೆ ಹೋಗಿ ಮಾವನ ಹೊಲ ಅಳೆದುಕೊಡುವುದು ಸಲ್ಲದು. ನವೀಕರಣವೆಂದರೆ ಕಾಗದಕ್ಕೆ ಹೊಸ ತಾರೀಖು ಬರೆಸುವುದಷ್ಟೇ ಅಲ್ಲ. ಆಕಾಶದ ಬಾಡಿಗೆ ಕಟ್ಟುವುದು. ಆ ರಾಯಲ್ಟಿಯ ಲೆಕ್ಕ ದೂರ, ಪಟ್ಟಿಯ ಅಗಲ, ಚಾನೆಲುಗಳ ಸಂಖ್ಯೆಗಳ ಮೇಲೆ ನಿಂತಿದೆ. ತಡವಾದರೆ ದಂಡದ ಹಣ ಸೇರುತ್ತ ಹೋಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಯಂತ್ರವನ್ನು ಮುಟ್ಟಲಿಲ್ಲವೆಂದು ಬಾಡಿಗೆ ಬಿಡುವುದಿಲ್ಲ. ಆದುದರಿಂದ ಅವಧಿಗೆ ಮೂರು ತಿಂಗಳ ಮುಂಚಿನ ದಿನವನ್ನು ಮನೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಗುರುತಿಸಿಕೊಳ್ಳಿ. ಹಣ ಕಟ್ಟಿದ ರಸೀತಿಗಳನ್ನು ಮೊದಲ ವರ್ಷದಿಂದಲೂ ಒಂದೇ ದಾರದಲ್ಲಿ ಪೋಣಿಸಿಡಿ. ವಿಳಾಸ ಬದಲಾದರೆ ಅಂದೇ ತಿಳಿಸಿ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಓಡಾಡುವ ನಮ್ಮಂಥವರಿಗೆ ನೋಟೀಸು ತಲಪದೇ ಹೋಗುವುದೇ ಹೆಚ್ಚು.

ಊರಿನಲ್ಲಿ ಜಮೀನು ಅಳೆಸುವ ವಾಚಕರಿಗೂ ಒಂದು ಮಾತು. ಕರ್ನಾಟಕದಲ್ಲಿ ೧೧ಇ ನಕ್ಷೆ, ಪೋಡಿ ಮುಂತಾದುವನ್ನು ಮಾಡುವುದು ಸರಕಾರಿ ಸರ್ವೆಯರು ಅಥವಾ ಪರವಾನಗಿ ಪಡೆದ ಭೂಮಾಪಕರು. ಅದು ಮನುಷ್ಯನ ಪರವಾನಗಿ. ನಾನು ಇಷ್ಟು ಹೊತ್ತು ಬರೆದದ್ದು ಪೆಟ್ಟಿಗೆಯ ಪರವಾನಗಿ. ಒಂದಿದ್ದರೆ ಇನ್ನೊಂದು ಇದ್ದಂತಾಗುವುದಿಲ್ಲ. ಖಾಸಗಿಯಾಗಿ ಅಳೆಸುವಾಗ ಬೇಸನ್ನು ಯಾವ ಕಲ್ಲಿನ ಮೇಲೆ ಇಟ್ಟಿರೆಂದು ಕೇಳಿ, ಉತ್ತರವನ್ನು ನಕ್ಷೆಯ ಮೂಲೆಯಲ್ಲಿ ಬರೆಸಿಕೊಳ್ಳಿ.

ಆ ತರುಣನ ವಿಷಯ: ಮಾರಿದವನ ಹೆಸರಿನಲ್ಲಿದ್ದ ಲೈಸೆನ್ಸು ಯಂತ್ರದ ಜೊತೆ ಕೊಂಡವನಿಗೆ ತಾನಾಗಿ ಬರುವುದಿಲ್ಲ. ಅವನು ಈಗ ತನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದಾನೆ. ಅಪ್ಪಣೆ ಬರುವವರೆಗೆ ಬೇಸಿನ ರೇಡಿಯೋವನ್ನು ಆರಿಸಿಟ್ಟು, ಸಿಗ್ನಲ್ ಇರುವ ಕಡೆ ಇಂಟರ್ನೆಟ್ಟಿನ ತಿದ್ದುಪಡಿಯಲ್ಲೇ ಕೆಲಸ ನಡೆಸುತ್ತಿದ್ದಾನೆ. ಕಂಟ್ರಾಕ್ಟುದಾರರೂ ಅದಕ್ಕೆ ಒಪ್ಪಿದ್ದಾರೆ.