ಹೆಂಪ್ ಎಣ್ಣೆ ಕೊಳ್ಳುವ ಮುನ್ನ ಹೊಲ ಯಾವುದೆಂದು ಕೇಳಿ

ಕಳೆದ ತಿಂಗಳು ಧಾರವಾಡದಿಂದ ಅವ್ವ ಫೋನ್ ಮಾಡಿದ್ದಳು. ‘ಮೊಣಕಾಲ ಬ್ಯಾನಿಗೆ ಅದೇನೋ ಹೆಂಪ್ ಎಣ್ಣಿ ಬಂದೈತಂತ, ನಿಮ್ಮ ಪುಣೆದಾಗ ಸಿಗತೈತೇನ ನೋಡಪಾ’ ಅಂದಳು. ಆನ್‌ಲೈನ್‌ನಲ್ಲಿ ಸಿಕ್ಕಿತು. ಬಾಟಲಿಯ ಮೇಲೆ ‘ಶೇ 100 ನೈಸರ್ಗಿಕ’ ಎಂದಿತ್ತು, ಯಾವ ಹೊಲದ್ದು ಎಂದಿರಲಿಲ್ಲ. ಭಾರಲೋಹ ಪರೀಕ್ಷೆಯ ವರದಿ ಕೊಡಿ ಎಂದು ಮಾರಾಟಗಾರರಿಗೆ ಇಮೇಲ್ ಬರೆದೆ. ಬಂದದ್ದು ರಿಯಾಯಿತಿ ಕೂಪನ್!

ಈ ಪ್ರಶ್ನೆ ಕೇಳಲು ಕಾರಣವಿದೆ. ಹೆಂಪ್ ಎಂದರೆ ಅಮಲು ತೀರಾ ಕಡಿಮೆ ಇರುವ ಗಾಂಜಾ ತಳಿ. ಬೇಗ ಬೆಳೆಯುವ, ಆಳಕ್ಕೆ ಬೇರು ಬಿಡುವ ಈ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಂ, ನಿಕಲ್, ಸೀಸವನ್ನೂ ಹೀರಿಕೊಳ್ಳುತ್ತದೆ. ಬೇರಿಗೆ ಬೇಕಿರುವುದು ಸತು ಮತ್ತು ಕಬ್ಬಿಣ. ರಾಸಾಯನಿಕವಾಗಿ ಸತುವನ್ನು ಹೋಲುವ ಕ್ಯಾಡ್ಮಿಯಂ ಅದೇ ಬಾಗಿಲಿನಿಂದ ಒಳನುಗ್ಗುತ್ತದೆ. ಸೀಸ ಹೆಚ್ಚಾಗಿ ಬೇರಿನಲ್ಲೇ ಉಳಿದರೆ, ಕ್ಯಾಡ್ಮಿಯಂ ಎಲೆಯವರೆಗೂ ಏರಬಲ್ಲದು. ಕಾರ್ಖಾನೆಯ ತ್ಯಾಜ್ಯದಿಂದಷ್ಟೇ ಅಲ್ಲ, ರಂಜಕದ ಗೊಬ್ಬರದಿಂದಲೂ ಅದು ಹೊಲ ಸೇರುತ್ತದೆ. ನಮ್ಮ ದೇಹ ಹೊಕ್ಕರೆ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ಹೀರುವ ಈ ಗುಣವೇ ಒಂದು ಕಡೆ ವರ. ಇಟಲಿಯ ತಾರಾಂಟೊದಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದ ಜಮೀನಿನಲ್ಲಿ ಮೇಯುತ್ತಿದ್ದ ಕುರಿಗಳಲ್ಲಿ ಡಯಾಕ್ಸಿನ್ ವಿಷ ಪತ್ತೆಯಾಗಿ, 2008ರಲ್ಲಿ ಅವನ್ನು ಕೊಲ್ಲಬೇಕಾಯಿತು. ಮುಂದೆ ಆ ರೈತ ಮಣ್ಣು ಚೊಕ್ಕವಾದೀತೆಂಬ ಆಸೆಯಿಂದ ಹೆಂಪ್ ಬಿತ್ತಿದ. ಅಂಥ ಹೊಲದ ಬೆಳೆ ನಾರಿಗೆ, ಕಟ್ಟಡ ಸಾಮಗ್ರಿಗೆ ಹೋಗಬಹುದು. ಅಡುಗೆಮನೆಗೆ ಮಾತ್ರ ಬರಬಾರದು.

ಹಾಗೆಂದು ಹೆಂಪ್ ಎಲ್ಲವೂ ವಿಷವಲ್ಲ. ಬೇರು, ಎಲೆಗಳಿಗೆ ಹೋಲಿಸಿದರೆ ಬೀಜದಲ್ಲಿ ಲೋಹಾಂಶ ಸಾಮಾನ್ಯವಾಗಿ ಕಡಿಮೆ. ಆದರೆ ‘ವಿಜಯಾ’ ಎಂಬ ಹೆಸರಿನಲ್ಲಿ ಬರುವ ಎಲೆಯ ಸಾರದ ಮಾತು ಬೇರೆ. ಸಾರ ತೆಗೆಯುವಾಗ ಔಷಧಿಯ ಅಂಶ ಸಾಂದ್ರವಾಗುವಂತೆ, ಕೊಬ್ಬಿನಲ್ಲಿ ಕರಗುವ ಕೀಟನಾಶಕದ ಉಳಿಕೆಯೂ ಸಾಂದ್ರವಾಗಬಹುದು.

ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅಮಲಿನ ಅಂಶಕ್ಕೆ ಮಿತಿಯನ್ನೂ ಹಾಕಿತು. ನಮ್ಮ ಚರ್ಚೆಯೂ ಅಲ್ಲಿಗೇ ನಿಂತಿದೆ: ಅಮಲು ಏರುತ್ತದೆಯೋ ಇಲ್ಲವೋ? ಮಣ್ಣಿನ ಬಗ್ಗೆ ಕೇಳುವವರಿಲ್ಲ.

ಕೇಳಬೇಕಾದದ್ದು ಇಷ್ಟೇ. ಪ್ರತಿ ಬ್ಯಾಚಿನ ಭಾರಲೋಹ ಮತ್ತು ಕೀಟನಾಶಕ ಪರೀಕ್ಷೆಯ ವರದಿ ಗ್ರಾಹಕನಿಗೆ ಸಿಗಲಿ. ಬಾಟಲಿಗೊಂದು ಕ್ಯೂಆರ್ ಕೋಡ್ ಅಂಟಿಸಿ ವರದಿ ತೋರಿಸುವುದು ದೊಡ್ಡ ತಂತ್ರಜ್ಞಾನವೇನಲ್ಲ. ನನ್ನಂಥವರು ವಾರದಲ್ಲಿ ಮಾಡಿಕೊಡುವ ಕೆಲಸ. ಇದನ್ನು ಕಂಪನಿಗಳ ಮರ್ಜಿಗೆ ಬಿಡದೆ ಪ್ರಾಧಿಕಾರವೇ ಕಡ್ಡಾಯ ಮಾಡಲಿ.

ಊರಿನಿಂದ ದೂರವಿರುವ ನಾವು ಅಪ್ಪ–ಅವ್ವನ ಸೇವೆಯನ್ನು ಬಹುಮಟ್ಟಿಗೆ ಕೊರಿಯರ್‌ನಲ್ಲೇ ಮಾಡುತ್ತೇವೆ. ಕಳಿಸುವ ಮುನ್ನ ಒಂದು ಇಮೇಲ್ ಹಾಕಿದರೆ ಕಳೆದುಕೊಳ್ಳುವುದೇನಿಲ್ಲ. ಅವ್ವನಿಗೆ ಸದ್ಯ ಹೇಳಿದ್ದು ಒಂದೇ ಮಾತು: ‘ವರದಿ ಬರಲಿ, ಆಮ್ಯಾಲೆ ಎಣ್ಣಿ ಕಳಸ್ತೀನಿ. ಅಲ್ಲೀತನಾ ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ.’