ಕಾಯಿ ಹಣ್ಣಾಗದ ಆಟ

ನಂಜನಗೂಡಿನಿಂದ ಮೈಸೂರಿಗೆ ಬೆಳಿಗ್ಗೆ ಎಂಟರ ಬಸ್ಸು ಹತ್ತಿ ನೋಡಿ. ಸೀಟು ಸಿಕ್ಕಿದವನೂ ತಲೆ ಬಗ್ಗಿಸಿದ್ದಾನೆ, ಸಿಗದೆ ಕಂಬಿ ಹಿಡಿದು ನೇತಾಡುವವನೂ ತಲೆ ಬಗ್ಗಿಸಿದ್ದಾನೆ. ಕಂಡಕ್ಟರು ಎರಡು ಸಲ "ಟಿಕೆಟ್ ಟಿಕೆಟ್" ಅಂತ ಕೂಗಿದರೂ ಕತ್ತು ಮೇಲೇಳುವುದಿಲ್ಲ. ಕೈಯಲ್ಲಿ ಫೋನು, ಫೋನಿನಲ್ಲಿ ಆಟ. "ಹಾಳಾಗಿ ಹೋದವು ಈಗಿನ ಹುಡುಗರು" ಎಂದು ಯಜಮಾನರೊಬ್ಬರು ಗೊಣಗುತ್ತಾರೆ. ಗೊಣಗಿ ಐದು ನಿಮಿಷವಾಗಿರುವುದಿಲ್ಲ, ತಾವೇ ಫೋನು ತೆಗೆದು ಬಣ್ಣದ ಮಿಠಾಯಿ ಸಾಲು ಜೋಡಿಸಲು ಕೂರುತ್ತಾರೆ. ಅದಿರಲಿ.

ಇದೇ ಬಸ್ಸಿನಲ್ಲಿ ದಿನಾ ಕಾಲೇಜಿಗೆ ಓಡಾಡುವ ಹುಡುಗನೊಬ್ಬನಿದ್ದಾನೆ. ಬಿ.ಎಸ್ಸಿ. ಎರಡನೇ ವರ್ಷ. ಅಪ್ಪನದು ದಿನಸಿ ಅಂಗಡಿ. ಇವನಿಗೆ ಆಟ ಆಡುವುದಕ್ಕಿಂತ ಆಟ ಮಾಡುವ ಹುಚ್ಚು. ಮನೆಯಲ್ಲಿ ಅಜ್ಜಿ ಆಡಿಸುತ್ತಿದ್ದ ಚೌಕಾಬಾರವನ್ನು ಫೋನಿಗೆ ಇಳಿಸಲು ಹೊರಟಿದ್ದಾನೆ. "ಆಡೋದೇ ದಂಡ, ಇನ್ನು ಅದನ್ನ ಮಾಡೋದು ಬೇರೆ ಕೇಡು ನಿಂಗೆ" ಎಂದು ಅಪ್ಪನ ಬೈಗುಳ ದಿನಾ ಇದ್ದದ್ದೇ.

ಅಪ್ಪನವರು ಒಂದು ಸಲ ಜಗನ್ಮೋಹನ ಅರಮನೆಯ ಕಡೆ ನೆನೆಯುವುದು ಒಳ್ಳೆಯದು. 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಹೊತ್ತು ಕಳೆದದ್ದು ವಿದ್ಯೆ, ಕಲೆಗಳ ಜೊತೆಗೆ ಇಂಥ ಆಟಗಳ ಮನೆ ಕಟ್ಟುವುದರಲ್ಲಿ. ಅವರು ರೂಪಿಸಿದ ಆಟಗಳ ಚಿತ್ರ ಅರಮನೆಯ ಗೋಡೆ ಮೇಲಿದೆ. ಆಟ ಕಟ್ಟುವುದು ದೊರೆಗೇ ಕಡಿಮೆ ಕೆಲಸವಾಗಲಿಲ್ಲ. ದಿನಸಿ ಅಂಗಡಿ ಮಗನಿಗೆ ಆಗುತ್ತದೆಯೇ?

ಹುಡುಗ ಚೌಕಾಬಾರವನ್ನು ಬಿಚ್ಚಿ ನೋಡಿದ ರೀತಿ ಕೇಳುವಂತಿದೆ. ಇಪ್ಪತ್ತೈದು ಮನೆ. ಹೊರಸುತ್ತು ಹದಿನಾರು, ಒಳಸುತ್ತು ಎಂಟು, ನಡುವೆ ಒಂದು. ಸೀಮೆಸುಣ್ಣದ ಒಂದು ಚೂರು ಇದ್ದರೆ ಜಗಲಿಯೇ ಹಲಗೆ. ನಾಲ್ಕು ಕವಡೆ, ಇಲ್ಲದಿದ್ದರೆ ತೇದ ಹುಣಸೆಬೀಜ. ಕವಡೆ ಎರಡು ಕಡೆಗೂ ಸಮವಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಒಂದೇ ಒಂದು ಸಲ ಚೌಕ, ಒಂದೇ ಒಂದು ಸಲ ಬಾರ. ಅಪರೂಪಕ್ಕೆ ಬೀಳುವುದಕ್ಕೇ ಹೆಚ್ಚು ಮನೆ, ಮೇಲೆ ಇನ್ನೊಂದು ಆಟ ಬೇರೆ. ಸೋಲುತ್ತಿರುವವನು ಕೊನೇ ತನಕ ಕೂತಿರುವುದು ಈ ಆಸೆಗೆ. ಹಾಗಂತ ಬರೀ ಅದೃಷ್ಟವೂ ಅಲ್ಲ. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ಬಹಳ ಮನೆಗಳಲ್ಲಿದೆ. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಬಚ್ಚಿಡಬೇಕು ಎನ್ನುವುದು ಬುದ್ಧಿಯ ಕೆಲಸ. ಇದನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಲೆಕ್ಕ ಮಾತ್ರ ಪಕ್ಕಾ.

ಎಲ್ಲಕ್ಕಿಂತ ಮುಖ್ಯ, ಆಟ ಮುಗಿಯುತ್ತದೆ. ನಾಲ್ಕು ಕಾಯೂ ನಡುಮನೆ ಸೇರಿ ಹಣ್ಣಾದರೆ ತೀರಿತು. ಕವಡೆ ಡಬ್ಬಿಗೆ, ಆಡಿದವರು ಅಡಿಗೆಮನೆಗೆ.

ಇಲ್ಲೇ ಹುಡುಗನಿಗೆ ತೊಡಕು ಬಂದದ್ದು. ಅರ್ಧ ಆಟ ತಯಾರಾದಾಗ ಈ ಕಸುಬಿನ ಬಲ್ಲವನೊಬ್ಬನಿಗೆ ತೋರಿಸಿದ. ಅವನು ಬೆನ್ನು ತಟ್ಟಿ ಕೊಟ್ಟ ಸಲಹೆ ಇಷ್ಟು: "ಆಟ ಮುಗಿದ್ರೆ ಗಿರಾಕಿ ಎದ್ದು ಹೋಗ್ತಾನೆ ಕಣೋ, ಮುಗಿಯೋಕೆ ಬಿಡಬೇಡ. ದಿನಾ ಬಂದವನಿಗೆ ನಾಣ್ಯ ಕೊಡು, ಒಂದು ದಿನ ತಪ್ಪಿಸಿದ್ರೆ ಕಿತ್ಕೋ. ನಾಲ್ಕು ಸಲ ಸೋತವನು ಫೋನು ಇಡೋ ಹೊತ್ತಿಗೆ ಒಂದು ಬಾರ ಬೀಳೋ ಹಾಗೆ ಮಾಡು."

ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂರನೇ ದಿನ ಗೆಳೆಯರ ಹತ್ತಿರ ಹೇಳಿದ್ದು: "ಜಗಲಿ ಮೇಲೆ ಕವಡೆ ನಾಲ್ಕು ಜನರ ಕಣ್ಣೆದುರಿಗೆ ಬೀಳುತ್ತೆ. ಫೋನಲ್ಲಿ ಅದು ಬೀಳೋದು ನನ್ನ ಕೈಯಲ್ಲಿ. ನಾನು ಕವಡೆಗೆ ಕಳ್ಳತನ ಕಲಿಸಬೇಕಾ?"

ಅಂಗಡಿ ಇಟ್ಟವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕಾಲು ಕೆ.ಜಿ. ತೊಗರಿಬೇಳೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕು. ತಪ್ಪಿದರೆ ದಂಡ. ಕೋಟಿಗಟ್ಟಲೆ ಜನ ಹೆಬ್ಬೆರಳಿನಲ್ಲಿ ಉರುಳಿಸುವ ಫೋನಿನ ದಾಳಕ್ಕೆ ಮುದ್ರೆ ಹಾಕುವವರು ಯಾರು?

ಕಾನೂನು ಸುಮ್ಮನೆ ಕೂತಿಲ್ಲ, ನಿಜ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಕಲಮುಗಳನ್ನು ಹೊಡೆದುಹಾಕಿತು. ನಡುವೆ ಎಷ್ಟು ಸಂಬಳ, ಎಷ್ಟು ಗಲ್ಲಾಪೆಟ್ಟಿಗೆ ಈ ಬಾಯಿಗೆ ಹೋಯಿತು ಎಂಬುದನ್ನು ಆಯಾ ಮನೆಯ ಹೆಂಗಸರನ್ನು ಕೇಳಬೇಕು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಪಾಸು ಮಾಡಿತು. ದುಡ್ಡಿನ ಆಟ ಆಡಿಸಿದವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಆಡಿಸುವವನನ್ನು ಹಿಡಿಯಬೇಕು ಎಂಬ ಬುದ್ಧಿ ಅಷ್ಟರ ಮಟ್ಟಿಗೆ ಬಂತಲ್ಲ, ಒಳ್ಳೆಯದೇ.

ಆದರೆ ಪುಕ್ಕಟೆ ಆಟ? ಅದರಲ್ಲಿ ಪಣವಿಲ್ಲ, ಹಾಗಾಗಿ ಜೂಜಲ್ಲ. ಹೋಗುವುದು ಹುಡುಗನ ನಿದ್ದೆ, ಬೆಳಗಿನ ಕ್ಲಾಸು. ಒಳಗೆ ಮುಚ್ಚಿದ ಪೆಟ್ಟಿಗೆ ಇಟ್ಟಿರುತ್ತಾರೆ, ದುಡ್ಡು ಕೊಟ್ಟು ತೆರೆದರೆ ಏನು ಸಿಗುತ್ತದೋ ಗೊತ್ತಿಲ್ಲ. ಜಾತ್ರೆಯ ಲಕ್ಕಿಡಿಪ್ಪು! ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲೇ ಇಂಥ ಪೆಟ್ಟಿಗೆಯನ್ನು ಜೂಜು ಎಂದು ಹೇಳಿತು. ಯಾವ ವಸ್ತು ಎಷ್ಟು ಸಲಕ್ಕೊಮ್ಮೆ ಸಿಗುತ್ತದೆಂಬ ಲೆಕ್ಕವನ್ನು ಬಹಿರಂಗ ಮಾಡಿ ಎಂದು ಚೀನಾ 2017ರಿಂದ ಕಂಪನಿಗಳಿಗೆ ಕಟ್ಟಳೆ ಹಾಕಿತು. ಬಹಳ ದೊಡ್ಡ ಕೆಲಸವೇನಲ್ಲ ಅದು. ಬೇಳೆ ಪ್ಯಾಕೆಟ್ಟಿನ ಮೇಲೆ ತೂಕ ಬರೆದ ಹಾಗೆ.

ಬೆಂಗಳೂರಿನಲ್ಲಿ ಕೂತ ಸರ್ಕಾರ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲಿ ಒಂದು ನೀತಿ ಮಾಡಿತು, 2024ರಲ್ಲಿ ಇನ್ನೊಂದು. ಉದ್ಯೋಗ, ಬಂಡವಾಳ, ತರಬೇತಿ ಅಂತ ಅಧಿಕಾರಿಗಳು ಭಾಷಣ ಮಾಡುತ್ತಾರೆ. ಮಾಡಲಿ, ಜಿಲ್ಲೆಯ ಹುಡುಗರಿಗೆ ನಾಲ್ಕು ಕಾಸು ಸಿಗುವುದಾದರೆ ಬೇಡ ಎನ್ನುವವರಾರು? ಆದರೆ ತರಬೇತಿಗೆ ಸೇರಿದ ಹುಡುಗನಿಗೆ ಮೊದಲ ದಿನ ಕಲಿಸುವುದು ಯಾವುದನ್ನು? ಆಟ ಕಟ್ಟುವುದನ್ನೋ, ಗಿರಾಕಿಯನ್ನು ಕಟ್ಟಿಹಾಕುವುದನ್ನೋ? ತಂದೆತಾಯಿಗಳೂ ಅಷ್ಟೇ. ಮಗನ ಕೈಯ ಫೋನು ಕಿತ್ತು ಬೀರುವಿನಲ್ಲಿ ಬೀಗ ಹಾಕುತ್ತಾರೆಯೇ ಹೊರತು, ಈ ಆಟ ಎಲ್ಲಿ ಮುಗಿಯುತ್ತದೆ ತೋರಿಸು ನೋಡೋಣ ಅಂತ ಪಕ್ಕದಲ್ಲಿ ಕೂತು ಕೇಳುವುದಿಲ್ಲ. ಹುಡುಗ ಹಾಳು ಎಂದರೆ ಸುಲಭ. ಆಟವನ್ನೇ ಹಾಗೆ ಹೆಣೆದಿದ್ದಾರೆ ಎಂದು ತಿಳಿಯಲು ಎರಡು ಗಂಟೆ ಕೂರಬೇಕು.

ದಿನಸಿ ಅಂಗಡಿ ಹುಡುಗ ಕೊನೆಗೆ ತನ್ನ ದಾರಿ ಹಿಡಿದ. ಅವನ ಆಟದಲ್ಲಿ ನಾಲ್ಕು ಕಾಯಿ ಹಣ್ಣಾದರೆ "ಆಟ ಮುಗಿಯಿತು, ಎದ್ದೇಳಿ" ಎಂದು ಬರುತ್ತದೆ. "ಇದನ್ನ ಯಾರಯ್ಯಾ ಇಳಿಸ್ಕೊಳ್ತಾರೆ" ಎಂದು ಗೆಳೆಯರು ನಕ್ಕರು. ಮೊದಲ ಆಟ ಅಜ್ಜಿಯ ಜೊತೆ. ಅಜ್ಜಿ ಸೋತರು, ಸೋತದ್ದನ್ನು ಒಪ್ಪಲಿಲ್ಲ. "ಕವಡೆ ಎಲ್ಲೋ ಮಗಾ? ಬಿದ್ದಿದ್ದು ನಾನು ನೋಡ್ಲೇ ಇಲ್ಲ. ನಿಂಗೆ ಬೇಕಾದಂಗೆ ಎರಡು ಸಲ ಬಾರ ಬಿತ್ತಾ?"

ಅಂದಿನಿಂದ ಹುಡುಗ ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಕೂರಿಸುತ್ತಿದ್ದಾನೆ. ಒಂದು ಎಷ್ಟು ಸಲ ಬಿತ್ತು, ಎರಡೆಷ್ಟು, ಮೂರೆಷ್ಟು, ಚೌಕ ಎಷ್ಟು, ಬಾರ ಎಷ್ಟು, ಯಾರಿಗೆ ಎಷ್ಟು, ಎಲ್ಲ ಆಡುವವರ ಕಣ್ಣೆದುರಿಗೆ. ಅದಾದ ಮೇಲೆ ಅಜ್ಜಿಯ ಜೊತೆ ಎರಡನೇ ಆಟ. ಅಪ್ಪನ ಕರಾರು ಒಂದೇ: ಪರೀಕ್ಷೆ ಮುಗಿಯಲಿ, ಆಮೇಲೆ. ಅಂಗಡಿ ಬಾಗಿಲು ಹಾಕಿ ಬಂದು ತಾನೂ ಒಂದು ಕೈ ಕೂರುತ್ತೇನೆ ಎಂದಿದ್ದಾರಂತೆ.