ಪೆಟ್ಟಿಗೆಗಿಂತ ಮೊದಲು ಎರಡು ಕುರ್ಚಿ

ತಲೆಗೆ ಪೆಟ್ಟಿಗೆಯಂಥದ್ದೊಂದು ಕಟ್ಟಿಕೊಂಡು ಕೂತರೆ ಕಿವಿಯೊಳಗೆ ಕೇಳುವ ಧ್ವನಿಗಳು ಅಡಗುತ್ತವಂತೆ. ಈ ಸುದ್ದಿಯನ್ನು ಈ ವರ್ಷ ಮೂವರು ನನಗೆ ವಾಟ್ಸಾಪ್ ಮಾಡಿದ್ದಾರೆ. ಮೂವರೂ ನಮ್ಮ ಮಾವನನ್ನು ಬಲ್ಲವರು. ಮೂವರೂ ಕೊನೆಯಲ್ಲಿ ಕೈಮುಗಿದ ಚಿತ್ರ ಹಾಕಿ ‘ಇದು ಮೈಸೂರಿಗೂ ಬರಲಿ’ ಎಂದು ಹಾರೈಸಿದವರು. ಬರುವುದಾದರೆ ಬರಲಿ. ಆದರೆ ಪೆಟ್ಟಿಗೆಯೇ ಮೊದಲು ಬರುವುದು ಬೇಡ ಎಂಬುದು ನನ್ನ ತಕರಾರು.

ನಮ್ಮ ಸೋದರಮಾವನಿಗೆ ಸ್ಕಿಜೋಫ್ರೀನಿಯಾ. ಸರಸ್ವತಿಪುರಂನ ಮನೆಯಲ್ಲಿ ನಮ್ಮ ಜೊತೆಯೇ ಇದ್ದಾರೆ. ಇಪ್ಪತ್ತೆರಡು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದಾರೆ. ಆ ಮಾತ್ರೆಯ ದೆಸೆಯಿಂದಲೇ ಅವರಿಗೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಬರುತ್ತಾರೆ. ಮಾತ್ರೆ ಬಿಡಿಸಲು ಹೊರಟವರಿಗೆ ನನ್ನ ಈ ಬರಹದಲ್ಲಿ ಏನೂ ಸಿಗುವುದಿಲ್ಲ. ಆದರೆ ಎಷ್ಟೋ ಜನರಿಗೆ ಆಗುವಂತೆ ನಮ್ಮ ಮಾವನಿಗೂ ಮಾತ್ರೆಯ ನಂತರವೂ ಒಂದು ಧ್ವನಿ ಉಳಿದುಬಿಟ್ಟಿದೆ. ಅದು ಅವರ ದೊಡ್ಡಪ್ಪನದು. ದೊಡ್ಡಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು.

ಈಗ ಆ ಪೆಟ್ಟಿಗೆಯ ವಿಚಾರ. ಇದರ ಮೂಲ ‘ಅವತಾರ್ ಥೆರಪಿ’. (ಹೆಸರೇನೋ ನಮ್ಮಿಂದಲೇ ಹೋದದ್ದು.) ಇದನ್ನು ರೂಪಿಸಿದವರು ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್. ಮನೆಯವರ ಕಟುಮಾತಿಗೂ ಕಾಯಿಲೆ ಮರುಕಳಿಸುವುದಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದವರು, ಚಂಡೀಗಢದ ಮನೋವೈದ್ಯರ ಜೊತೆಗೂ ಆ ಕೆಲಸ ಮಾಡಿದವರು. ಅವರ ವಿಧಾನ ಹೀಗೆ: ತನ್ನನ್ನು ಕಾಡುವ ಧ್ವನಿಗೆ ಹೊಂದುವ ಮುಖವೊಂದನ್ನು ರೋಗಿಯೇ ಕಂಪ್ಯೂಟರಿನಲ್ಲಿ ಆರಿಸುತ್ತಾನೆ, ದನಿಯನ್ನೂ ಹೊಂದಿಸುತ್ತಾನೆ. ಪಕ್ಕದ ಕೋಣೆಯಲ್ಲಿ ಕೂತ ಚಿಕಿತ್ಸಕರು ಒಮ್ಮೆ ಆ ಮುಖದ ಬಾಯಿಂದ ಮಾತಾಡುತ್ತಾರೆ, ಒಮ್ಮೆ ತಮ್ಮದೇ ದನಿಯಲ್ಲಿ ರೋಗಿಗೆ ಧೈರ್ಯ ಹೇಳುತ್ತಾರೆ. ಮೊದಮೊದಲು ಮುಖ ಬೈಯುತ್ತದೆ, ರೋಗಿ ದಿನವೂ ಕೇಳುವ ಅವೇ ಬೈಗುಳಗಳು. ರೋಗಿ ಎದುರುತ್ತರ ಕೊಡುವುದನ್ನು ಕಲಿತ ಹಾಗೆ ಮುಖ ಮೆತ್ತಗಾಗುತ್ತದೆ. ಇಷ್ಟಕ್ಕೂ ಲೆಫ್ ಬಳಸಿದ್ದು ಸಾಮಾನ್ಯ ಕಂಪ್ಯೂಟರ್ ಪರದೆಯನ್ನು. ತಲೆಗೆ ಕಟ್ಟುವ ಹೆಡ್‌ಸೆಟ್ ಮಾಂಟ್ರಿಯಲ್, ಕೋಪನ್‌ಹೇಗನ್ ಮುಂತಾದ ಕಡೆ ಆಮೇಲೆ ಸೇರಿಕೊಂಡದ್ದು.

ಫಲಿತಾಂಶಗಳನ್ನು ಸುದ್ದಿಯ ತಲೆಬರಹ ಬಿಟ್ಟು ಓದಬೇಕು. ಲಂಡನ್ನಿನಲ್ಲಿ 150 ಜನರ ಮೇಲೆ ನಡೆದ, 2018ರ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಅಚ್ಚಾದ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಅವತಾರ್ ಚಿಕಿತ್ಸೆ, ಉಳಿದರ್ಧಕ್ಕೆ ಬರೀ ಆಪ್ತಸಮಾಲೋಚನೆ. 12ನೇ ವಾರಕ್ಕೆ ಅವತಾರ್ ಗುಂಪು ಸ್ಪಷ್ಟವಾಗಿ ಮುಂದಿತ್ತು. 24ನೇ ವಾರಕ್ಕೆ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಅವತಾರ್ ಗುಂಪು ಗಳಿಸಿದ್ದನ್ನು ಕಳೆದುಕೊಂಡದ್ದು ಇದಕ್ಕೆ ಕಾರಣವಲ್ಲ. ಆಪ್ತಸಮಾಲೋಚನೆ ಪಡೆದವರೂ ಅಷ್ಟರಲ್ಲಿ ಸುಧಾರಿಸಿದ್ದರು! 2024ರಲ್ಲಿ ಪ್ರಕಟವಾದ, 345 ಜನರ ದೊಡ್ಡ ಪರೀಕ್ಷೆಯಲ್ಲೂ ಧ್ವನಿಗಳಿಂದಾಗುವ ಸಂಕಟ 16ನೇ ವಾರಕ್ಕೆ ಇಳಿದದ್ದು ಕಂಡಿತು, 28ನೇ ವಾರಕ್ಕೆ ಆ ಅಂತರ ನಿಲ್ಲಲಿಲ್ಲ. ಇದರಿಂದ ಚಿಕಿತ್ಸೆ ಸುಳ್ಳು ಎಂದಾಗುವುದಿಲ್ಲ. ಮಾತ್ರೆಗೂ ಬಗ್ಗದ ಧ್ವನಿ ಮೂರು ತಿಂಗಳು ಮೆತ್ತಗಾದರೂ ಅದು ಎಂಥ ಬಿಡುಗಡೆ ಎಂದು ನಮ್ಮ ಮನೆಯವರಿಗೆ ಯಾರೂ ವಿವರಿಸಬೇಕಿಲ್ಲ. ನಾನು ಕೇಳುವುದು ಇಷ್ಟೆ: ಒಬ್ಬರು ಎದುರು ಕೂತು ವಾರ ವಾರ ಮಾತಾಡಿಸಿದ ಆ ಇನ್ನೊಂದು ಗುಂಪಿಗೂ ಹಿತವಾಯಿತಲ್ಲ, ಅದು ಯಾಕೆ ಯಾರಿಗೂ ಸುದ್ದಿಯಾಗಲಿಲ್ಲ?

ನಾವು ಕಂಡ ಆಸ್ಪತ್ರೆಗಳ ಹೆಸರು ಬೇಡ. ಎಲ್ಲ ಕಡೆಯೂ ಪ್ರಶ್ನೆಗಳು ಅವೇ. ಮಾತ್ರೆ ತಗೊಳ್ತಿದ್ದಾರಾ? ನಿದ್ದೆ ಬರುತ್ತಾ? ಧ್ವನಿ ಇನ್ನೂ ಇದೆಯಾ? ಮೂರನೆಯದಕ್ಕೆ ‘ಇದೆ’ ಎಂದರೆ ಮಾತ್ರೆಯ ಪ್ರಮಾಣ ಏರುತ್ತದೆ, ‘ಕಡಿಮೆ’ ಎಂದರೆ ಅದೇ ಚೀಟಿ ಮುಂದುವರಿಯುತ್ತದೆ. ಆ ಧ್ವನಿ ಏನು ಹೇಳುತ್ತದೆ ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ. ಹೊರಗೆ ನೂರು ಜನ ಕಾಯುತ್ತಿರುವಾಗ ವೈದ್ಯರು ಏನು ತಾನೇ ಮಾಡಿಯಾರು? ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ ಎಂದು ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯೇ ಹೇಳಿದೆ. ಈ ಎರಡು ನಿಮಿಷದ ಭೇಟಿಗೆ ಹೆಡ್‌ಸೆಟ್ ತಂದು ಜೋಡಿಸಿದರೆ, ಅದನ್ನು ಹಾಕಿಸಿ ಪಕ್ಕದ ಕೋಣೆಯಿಂದ ಮಾತಾಡುವವರು ಯಾರು?

ಮಾತಾಡುವವರು ಯಾವ ಭಾಷೆಯಲ್ಲಿ ಮಾತಾಡಬೇಕು ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ನಾನೇ ಮಾವನನ್ನು ಕೇಳಿದ್ದೆ, ‘ದೊಡ್ಡಪ್ಪ ಏನಂತಾರೆ ಮಾವ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಬೆಳಗ್ಗೆ ಹೊತ್ತು, ನಲ್ಲೀಲಿ ನೀರು ಬಂತು, ಏಳೋ, ಹಂಡೆ ತುಂಬೋ ಅಂತಾರಮ್ಮ. ರಾತ್ರಿ ಹೊತ್ತು ಕೆಟ್ಟದಾಗಿ ಅಂತಾರೆ. ಮನೆ ಮರ್ಯಾದೆ ತೆಗ್ದೆ, ನೀನು ಯಾಕೋ ಇದೀಯ ಅಂತಾರೆ.’ ಚೆನ್ನೈ, ಘಾನಾದ ಅಕ್ರಾ ಮತ್ತು ಕ್ಯಾಲಿಫೋರ್ನಿಯಾದಲ್ಲಿ ತಲಾ ಇಪ್ಪತ್ತು ಜನರನ್ನು ಮಾತಾಡಿಸಿ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗೆ ಮಾವನ ದೊಡ್ಡಪ್ಪನೇ ಕಂಡಂತಾಯಿತು. ಅಮೆರಿಕದವರು ತಮ್ಮ ಧ್ವನಿಗಳನ್ನು ಮನಸ್ಸಿನೊಳಗೆ ನುಗ್ಗಿದ ದಾಳಿಯಂತೆ ವಿವರಿಸಿದರೆ, ಚೆನ್ನೈಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇಳುತ್ತಿದ್ದದ್ದು ನೆಂಟರಿಷ್ಟರನ್ನು. ಮನೆಗೆಲಸ ಹೇಳುವ, ಗದರುವ, ಬುದ್ಧಿ ಹೇಳುವ ಹಿರಿಯರನ್ನು.

ಅಂಥ ಹಿರಿಯರಿಗೆ ‘ತೊಲಗು’ ಎನ್ನುವುದನ್ನು ಯಾವ ಯಂತ್ರ ಕಲಿಸೀತು? ಫೀಸು ಕಟ್ಟಿ ಓದಿಸಿದ ದೊಡ್ಡಪ್ಪನಿಗೆ ನಮ್ಮ ಮಾವ ‘ನೀನು’ ಎನ್ನಲಾರರು. ಅವರು ಕಂಡುಕೊಂಡ ಉತ್ತರ ಬೇರೆ. ಈಚೆಗೆ ಬೆಳಗ್ಗೆ ಬಚ್ಚಲುಮನೆಯಿಂದ ಕೇಳಿಸುತ್ತದೆ: ‘ತುಂಬಿಸಿ ಆಯ್ತು ದೊಡ್ಡಪ್ಪ, ನೀವು ಮಲಕ್ಕೊಳಿ.’ ಧ್ವನಿ ನಿಂತಿಲ್ಲ, ರಾತ್ರಿಯದಂತೂ ಇನ್ನೂ ಕಷ್ಟವೇ. ಆದರೆ ಈ ‘ನೀವು’ ಇಟ್ಟುಕೊಂಡೇ ಎದುರು ನಿಲ್ಲುವ ದಾರಿಯನ್ನು ಲಂಡನ್ನಿನ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿ ತರಲಾಗುವುದಿಲ್ಲ. ಲೋ, ಕಣೋ, ಬುದ್ಧಿ, ಸ್ವಾಮಿ ಎಂಬ ಒಂದೊಂದು ಮಾತಿಗೂ ಇಲ್ಲಿ ತೂಕವಿದೆ. ಮಾತು ಮತ್ತು ಕಿವಿಯ ಅಧ್ಯಯನಕ್ಕೆಂದೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1969ರಿಂದಿರುವ ಭಾರತೀಯ ಭಾಷಾ ಸಂಸ್ಥಾನ ಎರಡೂ ನಮ್ಮ ಮಾನಸಗಂಗೋತ್ರಿಯ ಆಸುಪಾಸಿನಲ್ಲೇ ಇವೆ. ಈ ಕೆಲಸಕ್ಕೆ ಮೈಸೂರಿಗಿಂತ ತಕ್ಕ ಊರು ಇನ್ನೆಲ್ಲಿದೆ?

ಧ್ವನಿಯ ಜೊತೆ ಮಾತಾಡುವುದೆಂದರೆ ದೆವ್ವ ಬಿಡಿಸಿದಂತಲ್ಲವೇ ಎಂದು ಗೆಳತಿಯೊಬ್ಬಳು ಹುಬ್ಬೇರಿಸಿದಳು. ‘ಯಾರು ನೀನು, ಏನು ಬೇಕು’ ಎಂದು ಕೇಳುವ ರೂಢಿ ಮೈಮೇಲೆ ಬರುವ ಜಾಗಗಳಲ್ಲಿ ಇದೆ, ಹೌದು. ಆದರೆ 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿಸಿಕೊಂಡೇ ಬೆಂಕಿಯಲ್ಲಿ ಬೆಂದ 28 ಜನರನ್ನು ನೆನೆದವರಾರೂ ಆ ದಾರಿಗೆ ಮರಳಲಾರರು. ನಾನು ಕೇಳುತ್ತಿರುವುದು ಮಾತ್ರೆಯ ಪಕ್ಕದಲ್ಲಿ, ತರಬೇತಾದ ಒಬ್ಬ ಮನುಷ್ಯರನ್ನು.

ಇದು ಕರ್ನಾಟಕಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ಕಿನ ಏರ್ಪಾಡಿದೆ. ಅದಕ್ಕೆ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ, ಎರಡು ಕುರ್ಚಿ, ಒಬ್ಬ ಆಪ್ತಸಮಾಲೋಚಕರು, ಒಬ್ಬೊಬ್ಬರಿಗೆ ವಾರಕ್ಕೊಮ್ಮೆ ಐವತ್ತು ನಿಮಿಷ ಸೇರಿಸಿ. ಹೆಡ್‌ಸೆಟ್ಟಿನ ಟೆಂಡರು ಆಮೇಲೆ ಕರೆಯಬಹುದು. ಆ ಹುದ್ದೆಗೆ ಅರ್ಜಿ ಕರೆಯುವಾಗ ಮಾತ್ರ ‘ಕನ್ನಡ ಬಲ್ಲವರು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ನಂಜನಗೂಡಿನ ರೈತನ ಕಿವಿಯಲ್ಲಿ ಬೈಯುವ ಅಜ್ಜಿಯ ಕನ್ನಡವೂ, ಉದಯಗಿರಿಯ ಹೆಂಗಸಿನ ಕಿವಿಯಲ್ಲಿ ಬೈಯುವ ಅತ್ತೆಯ ಉರ್ದುವೂ ಅವರಿಗೆ ಅರ್ಥವಾಗಬೇಕು.